ಗುರಿ ಇಡಬ್ಯಾಡ್ರಿ

ನಮ್ಮ ಮನೆಯಲ್ಲಿ ಒಂದು ಕೋವಿ ಇತ್ತು. ತೀರ್ಥಹಳ್ಳಿ ಕಡೆಯ ಎಷ್ಟೋ ತೋಟದ ಮನೆಗಳಲ್ಲಿ ಇರುವಂಥದ್ದೇ. ಒಂಟಿ ನಳಿಗೆ, 12 ಬೋರ್. ನಡುಮನೆಯ ಗೋಡೆಗೆ ಎರಡು ಗೂಟ ಹೊಡೆದು ಅಡ್ಡಕ್ಕೆ ಇಟ್ಟಿದ್ದರು. ಚುನಾವಣೆ ಬಂತೆಂದರೆ ಅಪ್ಪಯ್ಯ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ತಗೊಂಡು ಬರುತ್ತಿದ್ದರು. ಚುನಾವಣೆಯ ದಿನಾಂಕ ಮಂಗಗಳಿಗೂ ಗೊತ್ತಾಗುತ್ತಿತ್ತು ಅಂತ ನನ್ನ ಅನುಮಾನ. ಆ ದಿನಗಳಲ್ಲಿ ತೋಟಕ್ಕೆ ರಾಜಾರೋಷವಾಗಿ ಬರುತ್ತಿದ್ದವು.

ಹೆಣ್ಣುಮಕ್ಕಳು ಕೋವಿ ಮುಟ್ಟಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅಣ್ಣನಿಗೆ ಮೀಸೆ ಚಿಗುರುವ ಮೊದಲೇ ನಳಿಗೆಗೆ ಎಣ್ಣೆ ಹಾಕಿ ಒರೆಸುವ ಕೆಲಸ ಸಿಕ್ಕಿತು. ನನಗೆ ಆ ಎಣ್ಣೆಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅಷ್ಟೇ.

ಈಗ ನನಗೆ 43. ಪುಣೆಗೆ ಬಂದು 17 ವರ್ಷ ಆಯ್ತು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತೇನೆ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ರೈಫಲ್‌ನಲ್ಲಿ ಕಂಚು ಗೆದ್ದಾಗ ನಮ್ಮ ಆಫೀಸಿನಲ್ಲಿ ಮಧ್ಯಾಹ್ನ ಕೆಲಸವೇ ಆಗಲಿಲ್ಲ. ಕೊಲ್ಹಾಪುರ ಕಡೆಯ ಹುಡುಗ, ಸೆಂಟ್ರಲ್ ರೈಲ್ವೆಯಲ್ಲಿ ಕೆಲಸ, ಅಭ್ಯಾಸ ಮಾಡಿದ್ದು ಇಲ್ಲೇ ಬಾಲೇವಾಡಿಯಲ್ಲಿ. ಎಲ್ಲರೂ ತಮ್ಮ ಮನೆಯವನೇ ಗೆದ್ದ ಹಾಗೆ ಪೇಡೆ ಹಂಚಿದರು. ಆ ಪೇಡೆ ತಿನ್ನುತ್ತಾ ನನಗೆ ನಡುಮನೆಯ ಗೋಡೆ ನೆನಪಾಯಿತು. ಮುಟ್ಟಿಯೇ ನೋಡೋಣ ಅನ್ನಿಸಿತು. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಮೊದಲ ಪ್ರಯತ್ನ ಹಾಳಾಯಿತು. ಗಾಳಿಯಲ್ಲಿ ಹಾರುವ ಬಿಲ್ಲೆಗೆ ಬಂದೂಕಿನಿಂದ ಹೊಡೆಯುವ ಆಟ ಇದೆಯಲ್ಲ, ಒಂದು ಕಡೆ ಅದರ ಒಂದು ದಿನದ ಶಿಬಿರ ಅಂತ ಹೋದೆ. ನನ್ನ ತೋಳಿಗಿಂತ ಉದ್ದದ ಬಂದೂಕು ಕೊಟ್ಟರು, ಭುಜಕ್ಕೆ ಒತ್ತಿಕೊಳ್ಳಿ ಅಂದರು, ಹತ್ತು ಬಿಲ್ಲೆ ಹಾರಿಸಿದರು. ಹತ್ತೂ ಸುಖವಾಗಿ ಹೋಗಿ ಹುಲ್ಲಿನಲ್ಲಿ ಬಿದ್ದವು. ಫೋಟೋ ಮಾತ್ರ ಚೆನ್ನಾಗಿ ತೆಗೆದುಕೊಟ್ಟರು. ರಾತ್ರಿ ನೋಡಿಕೊಂಡರೆ ತೋಳಿನ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆ. ಭುಜದ ಮೇಲಲ್ಲ, ತೋಳಿನ ಮೇಲೆ. ಅದರ ಅರ್ಥ ಏನು ಅಂತ ಆಗ ಗೊತ್ತಿರಲಿಲ್ಲ.

ಅರ್ಥ ಹೇಳಿದವರು ಸುಬೇದಾರ್ ಸಾಹೇಬರು. ಗೋಕಾಕ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ಪುಣೆಯಲ್ಲೇ ಉಳಿದಿದ್ದಾರೆ. ಗಣೇಶನಗರದಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಸಿಕ್ಕರು. ಹೋಳಿಗೆಗೆ ಕಾಯುತ್ತಾ ನಾನು ತೋಳಿನ ಕಥೆ ಹೇಳಿದೆ. "ತೋಳಿಗೆ ಹತ್ತೇತಿ ಅಂದ್ರ ಬಂದೂಕ ಹೊರಗ ಹಿಡದೀರಿ. ಭುಜದ ಕುಣಿ ಒಳಗ ಕುಂದ್ರಬೇಕ್ರಿ ಅದು" ಅಂದರು. ಸೋಲಾಪುರ ರಸ್ತೆಯಲ್ಲಿ ಒಂದು ಸಣ್ಣ ರೇಂಜಿನಲ್ಲಿ, ಅಂದರೆ ಗುಂಡು ಹೊಡೆಯುವ ಮೈದಾನದಲ್ಲಿ, ಭಾನುವಾರ ಕಲಿಸುತ್ತಾರಂತೆ. "ಬರ್ರಿ, ಆದ್ರ ಮೊದಲ ದಿನ ಗುಂಡು ಕೊಡೂದಿಲ್ಲ."

ನಿಜವಾಗಿಯೂ ಕೊಡಲಿಲ್ಲ. ಮೊದಲ ಭಾನುವಾರ ಪೂರ್ತಿ ಖಾಲಿ ಬಂದೂಕು ಎತ್ತುವುದು, ಇಳಿಸುವುದು. ಇಲ್ಲಿ ಬಳಸುವುದು ಒಂದರ ಮೇಲೊಂದು ನಳಿಗೆ ಇರುವ ಬಂದೂಕು. ತೂಕ ಮೂರೂವರೆ ಕಿಲೋ ಹತ್ತಿರ. ನಡೆಯುವಾಗ ಅದನ್ನು ನಡುವೆ ಮಡಚಿ ಇಟ್ಟುಕೊಳ್ಳಬೇಕು. ಒಳಗೆ ಗುಂಡಿನ ತೋಟಾ ಇಲ್ಲ ಅಂತ ಹತ್ತು ಹೆಜ್ಜೆ ದೂರದವನಿಗೂ ಕಾಣಬೇಕು. ಅಪ್ಪಯ್ಯನ ಕೋವಿಯೂ ಹಾಗೇ ಮಡಚುತ್ತಿತ್ತು. ಆದರೆ ಅಲ್ಲಿ ಮಡಚುತ್ತಿದ್ದದ್ದು ಎಣ್ಣೆ ಹಾಕೋಕೆ.

ಕೆನ್ನೆ ಕಟ್ಟಿಗೆಗೆ ಅಂಟಬೇಕು. ಬಂದೂಕು ಕೆನ್ನೆಗೆ ಬರಬೇಕೇ ಹೊರತು ಕೆನ್ನೆ ಬಂದೂಕಿಗೆ ಬಾಗಬಾರದು. ಇದನ್ನು ಐವತ್ತು ಸಲ ಮಾಡಿಸಿದರು. ಮನೆಪಾಠವೂ ಇತ್ತು. ಗೋಡೆ ಮತ್ತು ಸೂರು ಸೇರುವ ಗೆರೆ ಇದೆಯಲ್ಲ, ಮಾಪಿನ ಕೋಲು ಭುಜಕ್ಕಿಟ್ಟು ಅದರ ತುದಿಯನ್ನು ಆ ಗೆರೆಯ ಮೇಲೆ ಓಡಿಸಬೇಕು. ಕೋಲು ಸೊಂಟದಿಂದ ಮೇಲೆ ಬರುವಾಗಲೇ ಓಡುತ್ತಾ ಬರಬೇಕು. ಒಂದು ಸಂಜೆ ಹೀಗೆ ಮಾಡುವಾಗ ಮಗಳು ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿಬಿಟ್ಟಳು. "ಎಂಥ ಮಾಡ್ತಿದಾಳೆ ಇವಳು? ಜೇಡರ ಬಲೆ ತೆಗೀತಿದಾಳಾ?" ಅಂದರು ಅಮ್ಮ. ಹೌದು ಅಂದೆ. ಆವತ್ತಿಗೆ ಅದೇ ಸುಲಭ ಅನ್ನಿಸಿತು.

ಎರಡನೇ ಭಾನುವಾರ ಇನ್ನೊಂದು ಗುಟ್ಟು ಹೊರಬಿತ್ತು. ಸುಬೇದಾರ್ ಸಾಹೇಬರು ಎದುರಿಗೆ ನಿಂತರು. "ಎರಡೂ ಕಣ್ಣು ತೆರೆದು ನನ್ನ ಮೂಗಿಗೆ ಬೆರಳು ತೋರಿಸ್ರಿ" ಅಂದರು. ತೋರಿಸಿದೆ. ಇನ್ನೊಮ್ಮೆ ಅಂದರು. ಆಮೇಲೆ ನಕ್ಕರು. ನಾನು ಬಲಗೈಯವಳು, ಆದರೆ ನನ್ನ ಬೆರಳು ಪ್ರತಿಸಲ ಎಡಗಣ್ಣಿನ ಕೆಳಗೆ ಬಂದು ನಿಲ್ಲುತ್ತಿತ್ತಂತೆ. ಅಂದರೆ ಯಜಮಾನಿಕೆ ಎಡಗಣ್ಣಿನದು. ಬಂದೂಕು ಬಲಭುಜದ ಮೇಲೆ, ನೋಡುವ ಕಣ್ಣು ಎಡದ್ದು. ಹಾಗಾದಾಗ ನಳಿಗೆ ಬಿಲ್ಲೆಯ ಕಡೆ ಇದೆ ಅಂತ ನನಗೆ ಅನ್ನಿಸುತ್ತದೆ, ಆದರೆ ಅದು ಬೇರೆಲ್ಲೋ ಇರುತ್ತದೆ. ಶಿಬಿರದ ಹತ್ತು ಬಿಲ್ಲೆಗಳು ಯಾಕೆ ಬದುಕಿದವು ಅಂತ ಆವತ್ತು ಗೊತ್ತಾಯಿತು. ಎರಡು ನಿಮಿಷದ ಪರೀಕ್ಷೆ ಅದು. ದುಡ್ಡು ತಗೊಂಡವರು ಅಷ್ಟು ಮಾಡಬಹುದಿತ್ತು, ಅಲ್ವಾ?

ಒಂದು ಕಣ್ಣು ಮುಚ್ಚಿಕೊಳ್ಳಲಾ ಅಂತ ಕೇಳಿದೆ. ಬೇಡ ಅಂದರು. ಹಾರುವ ವಸ್ತುವಿನ ದೂರ, ವೇಗ ಅಳೆಯಲು ಎರಡು ಕಣ್ಣೂ ಬೇಕು. ನನ್ನ ಕನ್ನಡಕದ ಎಡಗಾಜಿನ ಮೇಲೆ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದಾದ ಮಬ್ಬು ಟೇಪಿನ ತುಂಡು ಅಂಟಿಸಿದರು, ಸರಿಯಾಗಿ ನಳಿಗೆ ಕಾಣುವ ಜಾಗದಲ್ಲಿ. ಉಳಿದದ್ದೆಲ್ಲ ಎರಡೂ ಕಣ್ಣಿಗೆ ಕಾಣುತ್ತದೆ, ನಳಿಗೆ ಮಾತ್ರ ಎಡಗಣ್ಣಿಗೆ ಕಾಣೋದಿಲ್ಲ. ಆ ಟೇಪು ಈಗಲೂ ಇದೆ. ಒಮ್ಮೆ ಮರೆತು ಅದೇ ಕನ್ನಡಕ ಹಾಕಿಕೊಂಡು ಆಫೀಸಿಗೆ ಹೋಗಿ, ಆಡಿಟರ ಮುಖದ ಮಧ್ಯೆ ಒಂದು ಮೋಡ ಇಟ್ಟುಕೊಂಡು ಅರ್ಧ ಗಂಟೆ ಮಾತಾಡಿದ್ದೇನೆ.

ಇನ್ನು ಬಿಲ್ಲೆಯ ವಿಷಯ. ಇಂಗ್ಲಿಷಿನಲ್ಲಿ ಕ್ಲೇ ಅನ್ನುತ್ತಾರೆ, ನಾನೂ ಮಣ್ಣಿನದು ಅಂತಲೇ ತಿಳಿದಿದ್ದೆ. ಕೈಗೆ ತಗೊಂಡು ನೋಡಿದರೆ ಮಣ್ಣಿನ ವಾಸನೆಯೇ ಇಲ್ಲ. "ಡಾಂಬರ ಅದು ತಂಗಿ, ಡಾಂಬರ ಮತ್ತ ಸುಣ್ಣದಕಲ್ಲಿನ ಪುಡಿ." ಅಂದರೆ ರಸ್ತೆಗೆ ಹಾಕುವ ಡಾಂಬರಿನ ಜಾತಿಯ ಪಿಚ್. 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ, ಮೇಲೆ ಕೇಸರಿ ಬಣ್ಣ. ಬೋರಲು ಹಾಕಿದ ಚಹಾ ಬಸಿಯ ಹಾಗೆ ಕಾಣುತ್ತದೆ. ಕೈತಪ್ಪಿ ಸಿಮೆಂಟಿನ ಮೇಲೆ ಬಿದ್ದರೆ ಒಡೆಯುತ್ತದೆ. ಹುಲ್ಲಿನ ಮೇಲೆ ಬಿದ್ದರೆ ಎಷ್ಟೋ ಸಲ ಒಡೆಯೋದಿಲ್ಲ. ನಾನು ತಪ್ಪಿಸಿದ ಬಿಲ್ಲೆಗಳನ್ನು ಹುಡುಗರು ಹಾಗೆಯೇ ಎತ್ತಿಕೊಂಡು ಬರುತ್ತಾರೆ. ನೋಡಿದರೆ ಮರ್ಯಾದೆ ಹೋಗುತ್ತದೆ.

ಮೊದಲು ಮಣ್ಣಿನದೇ ಇತ್ತಂತೆ. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಇದನ್ನು ಮಾಡಿದ. ಹುಡುಗರು ನೀರಿನ ಮೇಲೆ ಚಪ್ಪಟೆ ಚಿಪ್ಪು ಎಸೆದು ಪುಟಿಸುವುದನ್ನು ನೋಡಿ ಅವನಿಗೆ ಹೊಳೆಯಿತು ಅಂತ ಒಂದು ಕಥೆ ಹೇಳುತ್ತಾರೆ. ತುಂಗಾ ನದಿಯ ದಂಡೆಯಲ್ಲಿ ಬೆಳೆದವಳಿಗೆ ಆ ಕಥೆ ನಂಬೋಕೆ ಕಷ್ಟವಿಲ್ಲ. ಸುಟ್ಟ ಮಣ್ಣು ಗಟ್ಟಿಯಾಗಿ ಗುಂಡು ತಾಗಿದರೂ ಒಡೆಯುತ್ತಿರಲಿಲ್ಲ, ಹಾಗಾಗಿ ಪಿಚ್ಚಿಗೆ ಬಂದರು. ಅದಕ್ಕೂ ಮೊದಲು ಜೀವಂತ ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು, ಹಗ್ಗ ಎಳೆದು ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಕಾಲದಲ್ಲೂ ಆ ಸ್ಪರ್ಧೆ ನಡೆದಿದೆ. ಈಗಲೂ ಬಿಲ್ಲೆ ಬೇಕಾದಾಗ "ಪುಲ್" ಅಂತ ಕೂಗುವುದು ಆ ಹಗ್ಗದ ಕಾಲದ ಮಾತು.

ನನಗೆ ಪುಲ್ ಅನ್ನೋಕೆ ನಾಚಿಕೆ. ಸಿನಿಮಾದಲ್ಲಿ ನಟಿಸಿದ ಹಾಗೆ ಆಗುತ್ತದೆ. ನಮ್ಮ ರೇಂಜಿನಲ್ಲಿ ಒಂದು ಮೈಕು ಇದೆ, ಸದ್ದು ಕೇಳಿದರೆ ಯಂತ್ರ ಬಿಲ್ಲೆ ಎಸೆಯುತ್ತದೆ. ನನ್ನ ಪುಲ್ ಎಷ್ಟು ಮೆತ್ತಗಿತ್ತು ಅಂದರೆ ಯಂತ್ರ ಸುಮ್ಮನೇ ಕೂತಿತ್ತು. "ಮೈಕಿಗೇನ ಇಂಗ್ಲಿಷ್ ಬರ್ತದೇನ? ನಿಮಗ ಹ್ಯಾಂಗ ಬರ್ತದ ಹಂಗ ಒದರ್ರಿ" ಅಂದರು. ಬಾಯಿಂದ ಬಂದದ್ದು "ಹೋಯ್!" ನಮ್ಮ ತೋಟದಲ್ಲಿ ಮಂಗ ಓಡಿಸುವ ಕೂಗು. ಬಿಲ್ಲೆ ತಕ್ಷಣ ಹಾರಿತು. ಈಗ ಅಲ್ಲಿ ಎಲ್ಲರಿಗೂ ನನ್ನ ಸರದಿ ಯಾವಾಗ ಅಂತ ಪಾರ್ಕಿಂಗ್ ಜಾಗದವರೆಗೂ ಗೊತ್ತಾಗುತ್ತದೆ.

ಬಿಲ್ಲೆ ಹೊಡೆಯುವ ಆಟದಲ್ಲಿ ಟ್ರ್ಯಾಪ್, ಸ್ಕೀಟ್ ಅಂತ ಬಗೆಗಳಿವೆ. ನಾನು ಕಲಿಯುತ್ತಿರುವುದು ಸ್ಕೀಟ್. ಟ್ರ್ಯಾಪ್‌ನಲ್ಲಿ ಬಿಲ್ಲೆ ಮುಂದಿನ ನೆಲಮಾಳಿಗೆಯಿಂದ ನಮ್ಮಿಂದ ದೂರಕ್ಕೆ ಹೋಗುತ್ತದೆ, ಯಾವ ಕೋನಕ್ಕೆ ಅಂತ ಗೊತ್ತಿರೋದಿಲ್ಲ. ಸ್ಕೀಟ್‌ನಲ್ಲಿ ದಾರಿ ಗೊತ್ತು. ಎಡಕ್ಕೆ ಎತ್ತರದ ಗೂಡು, ಬಲಕ್ಕೆ ತಗ್ಗಿನ ಗೂಡು. ಎರಡರಿಂದಲೂ ಪ್ರತಿಸಲ ಅದೇ ದಾರಿಯಲ್ಲಿ ಬಿಲ್ಲೆ ಬರುತ್ತದೆ. ಬದಲಾಗುವುದು ನಾವು ನಿಲ್ಲುವ ಜಾಗ. ಅರ್ಧ ಚಂದ್ರಾಕಾರದಲ್ಲಿ ಏಳು ಜಾಗ, ಎರಡು ಗೂಡುಗಳ ಮಧ್ಯದಲ್ಲಿ ಎಂಟನೆಯದು. ಒಂದು ಸುತ್ತಿಗೆ 25 ಬಿಲ್ಲೆ, ಒಂದಕ್ಕೆ ಒಂದೇ ಗುಂಡು. ಹೊಸಬರನ್ನು ಏಳನೇ ಜಾಗದಲ್ಲಿ ನಿಲ್ಲಿಸಿ ತಗ್ಗಿನ ಗೂಡಿನಿಂದ ಶುರು ಮಾಡಿಸುತ್ತಾರೆ. ಬಿಲ್ಲೆ ನಮ್ಮ ಪಕ್ಕದಿಂದ ಹೊರಟು ಹೆಚ್ಚುಕಡಿಮೆ ನೇರವಾಗಿ ದೂರ ಹೋಗುತ್ತದೆ. ಬಂದೂಕು ಅತ್ತಿತ್ತ ಓಡಿಸುವ ಕೆಲಸವೇ ಇಲ್ಲ.

ಅಲ್ಲಿ ಮೊದಲ ಬಿಲ್ಲೆ ಒಡೆದದ್ದು ಮೂರನೇ ಭಾನುವಾರ. ಹೇಗೆ ಒಡೆಯಿತು ಅಂತ ಕೇಳಿದರೆ ಹೇಳೋಕೆ ಬರೋದಿಲ್ಲ. ಹೋಯ್ ಅಂದೆ, ಕೇಸರಿ ಚುಕ್ಕೆ ಕಂಡಿತು, ಭುಜಕ್ಕೆ ಗುದ್ದಿತು, ಚುಕ್ಕೆ ಇದ್ದಲ್ಲಿ ಕಪ್ಪು ಹೊಗೆ. ಕಾಡಿಗೆ ಡಬ್ಬಿ ಗಾಳಿಯಲ್ಲಿ ಚೆಲ್ಲಿದ ಹಾಗೆ. ಚೂರುಗಳು ಆಮೇಲೆ ನಿಧಾನವಾಗಿ ಉದುರಿದವು. ನಾನು ಬಂದೂಕು ಇಳಿಸದೆ ನಿಂತೇ ಇದ್ದೆ. "ಮಡಚ್ರಿ, ಮಡಚ್ರಿ" ಅಂದರು ಹಿಂದಿನಿಂದ. ಮಡಚಿದಾಗ ಖಾಲಿ ತೋಟಾ ಚಿಮ್ಮಿ ಹೆಗಲ ಮೇಲಿಂದ ಹಾರಿತು. ದೀಪಾವಳಿ ಬೆಳಗಿನ ಅಂಗಳದ ವಾಸನೆ.

ತಾಪತ್ರಯ ಶುರುವಾದದ್ದು ನಾಲ್ಕನೇ ಜಾಗದಲ್ಲಿ. ಅದು ಅರ್ಧಚಂದ್ರದ ಸರಿಮಧ್ಯ. ಬಿಲ್ಲೆ ಕಣ್ಣೆದುರು ಅಡ್ಡ ಹಾದುಹೋಗುತ್ತದೆ. ಅದು ಇರುವಲ್ಲಿಗೆ ಹೊಡೆದರೆ ಗುಂಡು ಹೋಗುವಷ್ಟರಲ್ಲಿ ಅದು ಅಲ್ಲಿರೋದಿಲ್ಲ. ಸುಬೇದಾರ್ ಸಾಹೇಬರ ಉದಾಹರಣೆ ಸ್ವಾರಗೇಟ್ ಬಸ್ ನಿಲ್ದಾಣದ್ದು. "ಬಸ್ಸು ಬರಾಕತ್ತೈತಿ. ನೀವು ಬಾಗಿಲಾ ಈಗ ಇದ್ದಲ್ಲಿ ಓಡ್ತೀರೋ, ನಿಲ್ಲೂವಲ್ಲಿ ಓಡ್ತೀರೋ?" ಪುಣೆಯಲ್ಲಿ 17 ವರ್ಷ ಇದ್ದವಳಿಗೆ ಇದು ಅರ್ಥವಾಯಿತು. ಆದರೆ ನಾನು ಲೆಕ್ಕದವಳು. ಮನೆಗೆ ಬಂದು ಕಾಗದ ತೆಗೆದೆ.

ಬಿಲ್ಲೆ ಗಂಟೆಗೆ 85 ಕಿಲೋಮೀಟರ್ ಅಂತ ಇಟ್ಟುಕೊಂಡೆ, ಅಂದರೆ ಸೆಕೆಂಡಿಗೆ ಸುಮಾರು 24 ಮೀಟರ್. ಅರ್ಧಚಂದ್ರದ ತ್ರಿಜ್ಯ 19.2 ಮೀಟರ್, ಹಾಗಾಗಿ ದೂರವೂ ಹತ್ತಿರ ಹತ್ತಿರ ಅಷ್ಟೇ. ಸೀಸದ ಕಾಳುಗಳು ಸೆಕೆಂಡಿಗೆ 350 ಮೀಟರ್ ಸರಾಸರಿಯಲ್ಲಿ ಹೋದರೂ ಅಷ್ಟು ದೂರಕ್ಕೆ 0.055 ಸೆಕೆಂಡು ಬೇಕು. ಅಷ್ಟರಲ್ಲಿ ಬಿಲ್ಲೆ ಒಂದೂಕಾಲು ಮೀಟರಿಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗಿರುತ್ತದೆ. ಹಾಗಾದರೆ ನಳಿಗೆಯೂ ಅಷ್ಟು ಮುಂದೆ ಇರಬೇಕು. ಒಂದು ತೋಟಾದಲ್ಲಿ 24 ಗ್ರಾಂ ಸೀಸ, ನೂರಾರು ಕಾಳು, ಅವು ಹರಡಿಕೊಂಡು ಹೋಗುತ್ತವೆ, ಹಾಗಾಗಿ ಅಷ್ಟಿಷ್ಟು ಹೆಚ್ಚುಕಮ್ಮಿ ನಡೆಯುತ್ತದೆ. ಲೆಕ್ಕ ಸರಿಯಾಗಿದೆ. ನನಗೆ ತುಂಬಾ ಖುಷಿಯಾಯಿತು. ಅದೇ ಹುರುಪಿನಲ್ಲಿ 12 ಬೋರ್ ಅಂದರೆ ಏನು ಅಂತಲೂ ಹುಡುಕಿದೆ. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಅದರಲ್ಲಿ ಒಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು ಅಗಲ. ಅದಕ್ಕೇ 20 ಬೋರ್ ಅದಕ್ಕಿಂತ ಸಣ್ಣದು. ನಡುಮನೆಯ ಗೋಡೆಯ ಮೇಲೆ ಇಷ್ಟು ವರ್ಷ ಒಂದು ಭಾಗಾಕಾರ ನೇತಾಡುತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ನಾಲ್ಕನೇ ಜಾಗದಲ್ಲಿ ನಿಂತು ಒಂದೂಕಾಲು ಮೀಟರ್ ಅಳೆದು ಹೊಡೆದೆ. ಎಂಟಕ್ಕೆ ಎಂಟು ಗುಂಡೂ ಬಿಲ್ಲೆಯ ಹಿಂದೆ ಹೋದವು.

"ಯಾಕ ತಪ್ಪಿತು ಹೇಳ್ರಿ?"

ಒಂದೂಕಾಲು ಮೀಟರ್ ಕೊಟ್ಟಿದ್ದೆ ಸಾಹೇಬ್ರೇ ಅಂದೆ.

"ಕೊಟ್ಟೀರಿ. ಕೊಟ್ಟಿದ್ದು ಸರಿ ಐತೋ ಇಲ್ಲೋ ಅಂತ ನೋಡೀರಿ. ಗುರಿ ಇಡಬ್ಯಾಡ್ರಿ ತಂಗಿ. ಗುರಿ ಇಟ್ರ ಬಂದೂಕ ನಿಲ್ತದ. ಬಂದೂಕ ನಿಂತ್ರ ಬಿಲ್ಲೆ ಹೋತು."

ಇದನ್ನು ಒಪ್ಪಿಕೊಳ್ಳೋಕೆ ನನಗೆ ತಿಂಗಳುಗಟ್ಟಲೆ ಬೇಕಾಯಿತು. ನಮ್ಮ ಭಾಷೆಯಲ್ಲಿ ಬಂದೂಕು ಅಂದ ಕೂಡಲೇ ಬರುವ ಮಾತೇ ಗುರಿ. ಕುಸಾಳೆಯ ಆಟ ಅದೇ. 50 ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್, ನಮ್ಮ ಅಂಗಿ ಗುಂಡಿಯಷ್ಟು. ಉಸಿರು ಹಿಡಿದು, ಕಲ್ಲಿನ ಹಾಗೆ ನಿಂತು, ನೋಡಿ ನೋಡಿ ಹೊಡೆಯಬೇಕು. ಇಲ್ಲಿ ಅದೇ ದೊಡ್ಡ ತಪ್ಪು. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ ಇದೆ. ಕಣ್ಣು ಬಿಲ್ಲೆ ಬಿಟ್ಟು ಒಂದು ಕ್ಷಣ ಆ ಮಣಿಗೆ ಬಂತು ಅಂದರೆ ಕೈ ನಿಲ್ಲುತ್ತದೆ. ನಿಂತದ್ದು ನಮಗೆ ಗೊತ್ತೇ ಆಗೋದಿಲ್ಲ. ಹಿಂದೆ ನಿಂತವರಿಗೆ ಗೊತ್ತಾಗುತ್ತದೆ.

ನಾನು ಎರಡು ಸಲ ನೋಡದೆ ಒಂದು ವೋಚರಿಗೂ ಸಹಿ ಹಾಕಿದವಳಲ್ಲ. ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಲಿಫ್ಟ್‌ನಿಂದ ವಾಪಸ್ ಬರುವವಳು. ನನ್ನ ಸಂಬಳವೇ ಈ ಗುಣಕ್ಕೆ ಬರುತ್ತದೆ. ಇಲ್ಲಿ ಆ ಎರಡನೇ ನೋಟಕ್ಕೆ ಜಾಗವೇ ಇಲ್ಲ. ಮೊದಲ ನೋಟದಲ್ಲಿ ಆಗಬೇಕಾದ್ದು ಆಗಿರುತ್ತದೆ, ಎರಡನೇ ನೋಟ ಅದನ್ನು ಕೆಡಿಸುತ್ತದೆ. ಒಂದು ಕೆಲಸದಲ್ಲಿ ಅನ್ನ ಕೊಟ್ಟ ಗುಣ ಇನ್ನೊಂದು ಕೆಲಸದಲ್ಲಿ ಕಾಲು ಎಳೆಯೋದನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಸಿಟ್ಟೂ ಬಂತು. ಎರಡು ಭಾನುವಾರ ಹೋಗಲಿಲ್ಲ.

ಖರ್ಚೂ ಒಂದು ಕಾರಣ, ಸುಳ್ಳು ಯಾಕೆ. ಬಂದೂಕು ಕ್ಲಬ್ಬಿನದು, ನನ್ನ ಹೆಸರಿಗೆ ಲೈಸೆನ್ಸ್ ಇಲ್ಲ, ಅಲ್ಲೇ ಅವರ ಕಣ್ಣೆದುರೇ ಹೊಡೆಯಬೇಕು. ತೋಟಾ ಮತ್ತು ಬಿಲ್ಲೆಯ ದುಡ್ಡು ನಮ್ಮದು. ಒಂದು ಬೆಳಿಗ್ಗೆ ಎರಡು ಸುತ್ತು ಹೊಡೆದರೆ ಮನೆಯ ತಿಂಗಳ ಹಾಲಿನ ಬಿಲ್ಲು ದಾಟುತ್ತದೆ. ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್ 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದರು ಅಂತ ಓದಿದಾಗ, ಹೌದಪ್ಪ, ಇದು ಮಹಾರಾಜರ ಆಟವೇ ಅನ್ನಿಸಿತು. ಆಮೇಲೆ ಅಥೆನ್ಸ್ ನೆನಪಾಯಿತು. 2004ರಲ್ಲಿ, ಎರಡು ಬಿಲ್ಲೆ ಒಟ್ಟಿಗೆ ಹಾರುವ ಡಬಲ್ ಟ್ರ್ಯಾಪ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದಾಗ ಅವರು ಸೈನ್ಯದ ಮೇಜರ್. ಸುಬೇದಾರ್ ಸಾಹೇಬರು ಆ ದಿನದ ಬಗ್ಗೆ ಹೇಳುವಾಗ ಈಗಲೂ ಎದ್ದು ನಿಂತು ಹೇಳುತ್ತಾರೆ.

ಮತ್ತೆ ಹೋದದ್ದು ಅಮ್ಮನಿಂದ. ಊರಿಗೆ ಹೋದಾಗ ಕೊನೆಗೂ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಮ್ಮ ಅಡಿಕೆ ಹೋಳು ಮಾಡುತ್ತಾ ಕೂತಿದ್ದರು. ಕೈ ನಿಲ್ಲಲಿಲ್ಲ. "ನಿನ್ನ ಅಪ್ಪಯ್ಯಂಗೆ ಒಂದೂ ಬಿದ್ದದ್ದು ನಾ ಕಂಡಿಲ್ಲ ಮಾರಾಯ್ತಿ. ಬರೀ ಸದ್ದು" ಅಂದರು. ಅಪ್ಪಯ್ಯ ಹೋದ ಮೇಲೆ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದು, ಈ ಸಲ ವಾಪಸ್ ಬರಲಿಲ್ಲ. ಅಣ್ಣ ಅರ್ಜಿ ಹಾಕುವ ಗೋಜಿಗೆ ಹೋಗಿಲ್ಲ. ಗೋಡೆಯ ಎರಡು ಗೂಟಕ್ಕೆ ಈಗ ಅಮ್ಮನ ಕೊಡೆ ಮತ್ತು ಒಂದು ಬಟ್ಟೆಯ ಚೀಲ ನೇತಾಡುತ್ತಿವೆ. ನಾನು ಕೊಡೆ ತೆಗೆದು ಭುಜಕ್ಕಿಟ್ಟು ಗೋಡೆಯ ಗೆರೆಯ ಮೇಲೆ ಒಮ್ಮೆ ಓಡಿಸಿದೆ. ಇಲ್ಲಿ ನಿಜವಾಗಿಯೂ ಜೇಡರ ಬಲೆ ಇತ್ತು.

ಅದರ ಮುಂದಿನ ಭಾನುವಾರ ಸುಬೇದಾರ್ ಸಾಹೇಬರು ಒಂದು ಉಪಾಯ ಮಾಡಿದರು. ಬಿಲ್ಲೆ ನೋಡಬೇಡಿ, ಅದರ ಮುಂದಿನ ಅಂಚು ನೋಡಿ, ಅಂಚಿನ ಮೇಲೆ ಉಂಗುರದ ಗೆರೆಗಳಿವೆ, ಎಷ್ಟು ಅಂತ ಎಣಿಸಿ ಹೇಳಿ ಅಂದರು. ಹಾರುವ ಬಿಲ್ಲೆಯ ಮೇಲೆ ಗೆರೆ ಎಣಿಸೋಕೆ ಆಗುತ್ತದೆಯೇ? ಆಗೋದಿಲ್ಲ. ಆದರೆ ಎಣಿಸು ಅಂದರೆ ಎಣಿಸುವ ಜಾತಿ ನಾನು. ಕಣ್ಣು ಬಿಲ್ಲೆಗೆ ಅಂಟಿಕೊಂಡಿತು, ಮಣಿಯ ಕಡೆ ಬರೋಕೆ ಪುರುಸೊತ್ತೇ ಆಗಲಿಲ್ಲ. ನಾಲ್ಕನೇ ಜಾಗದಲ್ಲಿ ಐದಕ್ಕೆ ಮೂರು ಒಡೆದವು. ಎಷ್ಟು ಮುಂದೆ ಹೊಡೆದೆ ಅಂತ ಕೇಳಿದರೆ ಗೊತ್ತಿಲ್ಲ. ಹೊಡೆದ ಮೇಲೂ ಬಂದೂಕು ಓಡುತ್ತಲೇ ಇತ್ತು, ಅದಷ್ಟು ನೆನಪಿದೆ.

ಆಟ ಮುಗಿದ ಮೇಲೆ ಎಲ್ಲರೂ ರಸ್ತೆ ಬದಿಯಲ್ಲಿ ಮಿಸಳ್ ತಿನ್ನುತ್ತೇವೆ. ಮೊದಲು ಸೋಪು ಹಾಕಿ ಕೈ ತೊಳೆಯಬೇಕು, ಸೀಸ ಮುಟ್ಟಿದ ಕೈ ಅದು. ಈ ಒಂದು ವಿಷಯದಲ್ಲಿ ಸುಬೇದಾರ್ ಸಾಹೇಬರು ಯಾರಿಗೂ ರಿಯಾಯಿತಿ ಕೊಡೋದಿಲ್ಲ, ಕೈ ಮೂಸಿ ನೋಡುತ್ತಾರೆ. ಅಲ್ಲಿ ಬರುವ ಮಾತೆಲ್ಲ ಒಂದು ಬಿಲ್ಲೆಯದ್ದೇ. ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಜೋಡಿ ಸ್ಕೀಟ್‌ನ ಕಂಚಿನ ಪಂದ್ಯದಲ್ಲಿ ಚೀನಾಕ್ಕೆ 43-44ರಲ್ಲಿ ಸೋತಿತು. ಒಂದೇ ಒಂದು. ಮಿಸಳ್ ಮೇಲೆ ನಿಂಬೆ ಹಿಂಡುತ್ತಾ ಯಾರಾದರೂ ಪ್ರತಿ ವಾರ ಆ ಒಂದನ್ನು ನೆನಪಿಸುತ್ತಾರೆ.

ಹೋದ ಭಾನುವಾರ 25ಕ್ಕೆ 15 ಬಂತು. ನನ್ನ ಲೆಕ್ಕಕ್ಕೆ ಅದು ದಾಖಲೆ. ಅಂಕ ಬರೆಯುವ ಹುಡುಗ ಕೊನೆಯ ಬಿಲ್ಲೆಗೆ ಸರಿ ಗುರುತು ಹಾಕಿ, ಮೆಚ್ಚುಗೆಯಿಂದ ಹಾಳೆ ನನ್ನ ಕೈಗೆ ಕೊಟ್ಟ. ನಾನು ನೋಡಿದ್ದೆ. ಬಿಲ್ಲೆಯಿಂದ ಒಂಚೂರು ಧೂಳು ಎದ್ದಿತ್ತು, ಚೂರು ಬಿದ್ದಿರಲಿಲ್ಲ. ನಿಯಮದ ಪ್ರಕಾರ ಕಣ್ಣಿಗೆ ಕಾಣುವ ಒಂದು ಚೂರಾದರೂ ಬೀಳಬೇಕು. ಧೂಳು ಲೆಕ್ಕಕ್ಕಿಲ್ಲ. ಬಿಲ್ಲೆ ಪೂರ್ತಿಯಾಗಿ ಹುಲ್ಲಿನಾಚೆ ಹೋಗಿ ಬಿದ್ದಿತ್ತು.

ಹುಡುಗನಿಗೆ ಹೇಳಿದೆ. ಅವನು ನಂಬಲಿಲ್ಲ. ನಾನೇ ಹೋಗಿ ಹುಡುಕಿಕೊಂಡು ಬಂದೆ. ಕೇಸರಿ ಬಣ್ಣದ ಮೇಲೆ ಗುಂಡು ಸವರಿದ ಎರಡು ಗೀರು, ಬಿಲ್ಲೆ ಮಾತ್ರ ಇಡಿಯಾಗಿತ್ತು. ಅವನು ಗೊಣಗುತ್ತಾ ಗುರುತು ಹೊಡೆದುಹಾಕಿ 14 ಅಂತ ಬರೆದ.

ಸುಬೇದಾರ್ ಸಾಹೇಬರು ಬಿಲ್ಲೆ ಕೈಗೆ ತಗೊಂಡು ತಿರುಗಿಸಿ ನೋಡಿದರು. "ಇಲ್ಲೂ ಎರಡ ಸಲ ನೋಡಿದ್ಯಲ್ಲ ತಂಗಿ" ಅಂದರು.

ಗೆರೆ ನಾಲ್ಕು ಇದಾವೆ ಸಾಹೇಬ್ರೇ ಅಂದೆ. ಈಗ ಎಣಿಸಿದೆ.